ಜೂನ್ ಹತ್ತರೊಳಗೆ

ಅಬುಧಾಬಿ ಆಫೀಸಿನಿಂದ ನಮ್ಮ ಪ್ಲಾನಿಂಗಿನ ಹುಡುಗಿ ನಿಖಿತಾ ಫೋನ್ ಮಾಡಿದಾಗ ನಾನು ಒಳ್ಳೆಯ ಮೂಡಿನಲ್ಲಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹಾಗಿರುವುದು ಅಪರೂಪ, ಇದ್ದದ್ದನ್ನೂ ಆ ಹುಡುಗಿ ಒಂದೇ ಪ್ರಶ್ನೆಯಲ್ಲಿ ಹಾಳು ಮಾಡಿದಳು.

"ಹರಿಣಾಕ್ಷಿ ಆಂಟಿ, ಒಂದು ಸಣ್ಣ ಡೌಟ್."

"ಆಫೀಸಿನಲ್ಲಿ ಆಂಟಿ ಅಲ್ಲ. ಎಷ್ಟು ಸಲ ಹೇಳ್ಬೇಕು ನಿಂಗೆ?"

"ಸಾರಿ ಮೇಡಂ. ಆ್ಯನುವಲ್ ಪ್ಲಾನ್ ನೋಡ್ತಾ ಇದ್ದೆ. ಟ್ರ್ಯಾಕ್ ವರ್ಕ್ ಎಲ್ಲಾ ಜೂನ್ ಟೆನ್ತ್‌ಗೆ ಫಿನಿಶ್ ಅಂತ ಉಂಟು. ವೈ ಜೂನ್ ಟೆನ್ತ್?"

"ಎಂತ ಪ್ರಶ್ನೆ ಮಾರಾಯ್ತಿ ಇದು? ಜೂನ್ ಹತ್ತರ ನಂತರ ಮಳೆ..."

ಅಷ್ಟು ಹೇಳಿ ತಲೆ ಎತ್ತಿದೆ. ಕಿಟಕಿಯ ಹೊರಗೆ ಮಿರ್ಫಾದ ನಮ್ಮ ಡಿಪೋ, ಡಿಪೋದಾಚೆ ಮರಳು, ಮರಳಿನಾಚೆ ಇನ್ನಷ್ಟು ಮರಳು.

"ಮಳೆ?" ಎಂದಳು ನಿಖಿತಾ. ಪಾಪ, ಕುಹಕದಿಂದ ಕೇಳಿದ್ದಲ್ಲ. ಅವಳು ಹುಟ್ಟಿದ್ದೇ ಅಬುಧಾಬಿಯಲ್ಲಿ. ಅಪ್ಪನಿಗೆ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿ. ಜುಲೈ ತಿಂಗಳ ವಿಮಾನದ ದರ ಆ ಮನುಷ್ಯನಿಗೆ ಆಗಿಬರುವುದಿಲ್ಲ, ಆದ್ದರಿಂದ ಅವರ ಮನೆಯವರು ಊರಿಗೆ ಹೋಗುವುದು ಡಿಸೆಂಬರಿನಲ್ಲಿ. ಉಡುಪಿಯ ಮಳೆಯನ್ನು ಅವಳು ವಾಟ್ಸಾಪಿನಲ್ಲಿ ಮಾತ್ರ ನೋಡಿದವಳು.

"ಆಮೇಲೆ ಹೇಳ್ತೇನೆ," ಎಂದು ಫೋನ್ ಇಟ್ಟೆ.

ಇದು ಎರಡು ಸಾವಿರದ ಹದಿನೇಳರ ಜನವರಿಯ ಮಾತು. ದೇಶದ ಮೊದಲ ರೈಲು ಲೈನು ನಿಯಮಿತವಾಗಿ ಓಡಲು ಶುರುವಾಗಿ ಒಂದು ವರ್ಷ ತುಂಬಿತ್ತು. ಶಾಹ್ ಎಂಬಲ್ಲಿಯ ಗ್ಯಾಸ್ ಫೀಲ್ಡಿನಿಂದ ಹಳದಿ ಗಂಧಕದ ಹರಳು ತುಂಬಿಕೊಂಡು ಮರಳುಗುಡ್ಡಗಳ ನಡುವೆ ಸಾಗಿ ರುವೈಸ್ ಬಂದರಿಗೆ ಹೋಗುವ ಗೂಡ್ಸ್ ರೈಲು ನಮ್ಮದು. ಜನ ಹತ್ತುವ ರೈಲಲ್ಲ. ಎಷ್ಟು ಹೇಳಿದರೂ ದುಬೈಯಲ್ಲಿರುವ ನನ್ನ ನಾದಿನಿಯ ತಲೆಗೆ ಇದು ಹೋಗುವುದಿಲ್ಲ. "ಅತ್ತಿಗೆ, ನಿಮ್ಮ ಮೆಟ್ರೋದಲ್ಲಿ ಫ್ಯಾಮಿಲಿಗೆ ಪಾಸ್ ಸಿಗ್ತದಾ?" ಎಂದು ಈಗಲೂ ಕೇಳುತ್ತಾಳೆ. ಗಂಧಕದ ಮೇಲೆ ಕೂತು ಹೋಗುವುದಾದರೆ ಇವತ್ತೇ ಕೊಡಿಸುತ್ತೇನೆ ಎಂದು ನಾನೂ ಹೇಳುತ್ತೇನೆ.

ಈ ಲೈನಿನ ರೈಲುಗಳು ಯಾವಾಗ ಹೊರಡಬೇಕು, ಎಲ್ಲಿ ಒಂದಕ್ಕೊಂದು ದಾಟಬೇಕು, ಯಾವ ತಿಂಗಳು ಎಷ್ಟು ಓಡಬೇಕು ಎಂದು ಯೋಜನೆ ಹಾಕುವುದು ನನ್ನ ಕೆಲಸ. ಹಳಿ ನೋಡಿಕೊಳ್ಳುವುದು ನನ್ನ ಗಂಡ ಸೇಸಪ್ಪನವರ ಕೆಲಸ. ಹಳಿಯ ಮೇಲೆ ಕೆಲಸ ನಡೆಯುವಾಗ ರೈಲು ಬರಬಾರದು. ಅಷ್ಟು ಹೊತ್ತು ಲೈನನ್ನು ಹಳಿಯವರ ಕೈಗೆ ಬಿಟ್ಟುಕೊಡುವುದಕ್ಕೆ ಬ್ಲಾಕ್ ಎನ್ನುತ್ತೇವೆ. ಅವರು ಕೇಳಬೇಕು, ನಾನು ಕೊಡಬೇಕು. ಊರಿನ ಕರಾವಳಿ ಲೈನಿನಲ್ಲಿ ಕೆಲಸಕ್ಕಿದ್ದಾಗಲೂ ಇದೇ ಪಾಡು. ಅವರು ಫೋನಿನಲ್ಲಿ ಬ್ಲಾಕ್ ಕೇಳುವುದು, ನಾನು ಅರ್ಧ ಕತ್ತರಿಸುವುದು, ಅವರು ಕಿರುಚುವುದು, ನಾನು ಅದಕ್ಕಿಂತ ಜೋರಾಗಿ ಕಿರುಚುವುದು. ಮುಖ ನೋಡುವ ಮೊದಲೇ ನಮಗೆ ಗಂಟಲಿನ ಪರಿಚಯವಾಗಿತ್ತು. ಕೊನೆಗೊಂದು ದಿನ ಉಡುಪಿ ಸ್ಟೇಷನ್ನಿನಲ್ಲಿ ಎದುರು ಸಿಕ್ಕಿದಾಗ, "ಆ ಬ್ಲಾಕ್ ಕೊಡದ ಹೆಂಗಸು ನೀವೇನಾ?" ಎಂದರು. ನಾನೇ, ಏನೀಗ ಎಂದೆ. ಮದುವೆಯಾಗಿ ಇಪ್ಪತ್ತು ವರ್ಷವಾಯಿತು.

ಆ ಜನವರಿಯಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದದ್ದು ಒಂದೇ ಸಂಗತಿಗೆ. ಸೇಸಪ್ಪ ಹಳಿ ವಿಭಾಗಕ್ಕೆ ಮುಖ್ಯಸ್ಥರಾಗಿದ್ದರು, ಆದರೆ ಹುದ್ದೆಯ ಮುಂದೆ 'ಆ್ಯಕ್ಟಿಂಗ್' ಎಂಬ ಬಾಲವಿತ್ತು. ವರ್ಷದ ಪ್ಲಾನ್ ಸಭೆಯಲ್ಲಿ ಪಾಸಾದರೆ ಆ ಬಾಲ ಕತ್ತರಿಸಿ ಅವರನ್ನೇ ಖಾಯಂ ಮಾಡುತ್ತೇವೆ ಎಂದು ನಮ್ಮ ದೊಡ್ಡ ಬಾಸ್ ಆನ್ಸೆಲ್ಮ್ ಸರ್ ಬಾಯಿ ಬಿಟ್ಟು ಹೇಳಿದ್ದರು. ಶಿರ್ವದವರು ಅವರು, ಊರಿನ ಲೈನಿನಲ್ಲಿ ನಮಗಿಂತ ಹಿರಿಯರು, ನಮ್ಮಿಬ್ಬರನ್ನೂ ಇಲ್ಲಿಗೆ ಕರೆಸಿದವರು. ಪ್ಲಾನ್ ಪಾಸಾಗಲು ಬೇಕಾದ್ದು ರೈಲು ಓಡಿಸುವವರ ಒಪ್ಪಿಗೆ. ಅಂದರೆ ನನ್ನದು. ನನ್ನದನ್ನು ನಾನು ಆಗಲೇ ಮನಸ್ಸಿನಲ್ಲಿ ಕೊಟ್ಟೂ ಆಗಿತ್ತು.

ಫೋನ್ ಇಟ್ಟ ಮೇಲೆ ಪ್ಲಾನನ್ನು ಮೊದಲಿನಿಂದ ನೋಡಿದೆ. ಊರಿನಲ್ಲಿ ಜೂನ್ ಹತ್ತಕ್ಕೆ ಮಳೆಗಾಲದ ಟೈಮ್‌ಟೇಬಲ್ ಶುರುವಾಗುತ್ತದೆ. ಅಂದಿನಿಂದ ರೈಲುಗಳು ನಿಧಾನ, ಗುಡ್ಡ ಕಡಿದ ಜಾಗಗಳಲ್ಲೆಲ್ಲ ಗಸ್ತು. ಅಷ್ಟರೊಳಗೆ ಚರಂಡಿ, ಹಳಿ, ಜಲ್ಲಿ ಎಲ್ಲ ಮುಗಿದಿರಬೇಕು. ವರ್ಷವೆಂದರೆ ನಮಗೆ ಜೂನ್ ಹತ್ತರ ಮೊದಲು ಮತ್ತು ಜೂನ್ ಹತ್ತರ ನಂತರ. ಸೇಸಪ್ಪ ಇಲ್ಲಿಯೂ ಕೆಲಸವನ್ನೆಲ್ಲ ಜೂನ್ ಹತ್ತರೊಳಗೆ ತುರುಕಿದ್ದರು. ನಾನು ಜೂನ್ ಹತ್ತರಿಂದ ರೈಲುಗಳಿಗೆ ಒಂದಿಷ್ಟು ಹೆಚ್ಚು ಸಮಯ ಕೊಟ್ಟಿದ್ದೆ, ಯಾಕೆ ಕೊಟ್ಟೆ ಎಂದು ನನ್ನನ್ನೇ ಕೇಳಿಕೊಂಡಿರಲಿಲ್ಲ. ಕರಡನ್ನು ಓದಿ ಆನ್ಸೆಲ್ಮ್ ಸರ್ "ವೆರಿ ಗುಡ್" ಎಂದಿದ್ದರು. ಕರಾವಳಿಯ ಮೂರು ತಲೆ ಸೇರಿ ಹನಿ ನೀರಿಲ್ಲದ ಮರುಭೂಮಿಗೆ ಮಳೆಗಾಲ ತಂದು ಕೂರಿಸಿದ್ದೆವು.

ನನಗೆ ಎಷ್ಟು ನಗು ಬಂತೆಂದರೆ ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಆಮೇಲೆ, ಮೇ ತಿಂಗಳ ಕೊನೆಗೆ ಯಾವ ಕೆಲಸ ಬಿದ್ದಿದೆ ಎಂದು ನೋಡಿದೆ. ನಗು ನಿಂತಿತು.

ಶಾಹ್‌ನ ಹತ್ತಿರ ಮರಳುಗುಡ್ಡಗಳನ್ನು ಬಳಸಿಕೊಂಡು ಲೈನು ದೊಡ್ಡದಾಗಿ ತಿರುಗುತ್ತದೆ. ಒಂದು ವರ್ಷದ ಗಾಳಿಗೆ ಅಲ್ಲಿಯ ಜಲ್ಲಿಯೊಳಗೆ ಮರಳು ಸೇರಿತ್ತು. ಟ್ಯಾಂಪಿಂಗ್ ಮೆಷಿನ್ ತಂದು ಹಳಿಯನ್ನು ಎತ್ತಿ, ಅಡಿಯ ಜಲ್ಲಿಯನ್ನು ಕೆದಕಿ, ಹೊಸದಾಗಿ ತುಂಬಿ ಒತ್ತಬೇಕಿತ್ತು. ಮೆಷಿನ್ ಎಷ್ಟೇ ಒತ್ತಲಿ, ಕೆದಕಿದ ಜಲ್ಲಿ ಪೂರ್ತಿ ಗಟ್ಟಿಯಾಗಿ ಕೂರಬೇಕಾದರೆ ರೈಲುಗಳು ಓಡಿ ಓಡಿ ತುಳಿಯಬೇಕು. ಅಷ್ಟರವರೆಗೆ ಹಳಿಯನ್ನು ಹಿಡಿದಿಡುವ ಶಕ್ತಿ ಅದಕ್ಕೆ ಕಡಿಮೆ. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ಹೋಗಲು ಜಾಗವಿಲ್ಲದಿದ್ದರೆ ಹಳಿ ಬದಿಗೆ ಚಿಮ್ಮಿ ಡೊಂಕಾಗುತ್ತದೆ. ಇಲ್ಲಿಯ ಜೂನ್ ತಿಂಗಳ ಮಧ್ಯಾಹ್ನ ಹಳಿಯ ಮೇಲೆ ದೋಸೆ ಹುಯ್ಯಬಹುದು. ನಾವು ಮಳೆಯಿಂದ ತಪ್ಪಿಸಿಕೊಳ್ಳಲು ಹೋಗಿ, ವರ್ಷದ ಅತಿ ಕೆಟ್ಟ ಬಿಸಿಲಿನ ಮುಂದೆ ಲೈನಿನ ಅತಿ ಕೆಟ್ಟ ತಿರುವನ್ನು ಸಡಿಲ ಮಾಡಿ ಇಡಲು ಹೊರಟಿದ್ದೆವು.

ಆ ತಿರುವಿನಲ್ಲಿ ತುಂಬಿದ ರೈಲು ತರುವ ಡ್ರೈವರುಗಳಲ್ಲಿ ಕಾಪುವಿನ ತೌಫೀಕ್ ಒಬ್ಬ. ಬ್ಯಾರಿ ಹುಡುಗ, ಮದೀನತ್ ಜಾಯೆದ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇರುವವನು. ಶುಕ್ರವಾರದ ಊಟಕ್ಕೆ ನಮ್ಮಲ್ಲಿಗೇ ಬರುತ್ತಾನೆ.

ಆ ಶುಕ್ರವಾರವೂ ಬಂದ. ಸೇಸಪ್ಪ ಬಂಗುಡೆಯ ಪುಳಿಮುಂಚಿ ಮಾಡಿದ್ದರು. ಮನೆಯಲ್ಲಿ ಮೀನು ಅವರದೇ, ನಾನು ಮುಟ್ಟುವಂತಿಲ್ಲ.

"ಸೇಸಪ್ಪಣ್ಣ, ಆ ಶಾಹ್ ತಿರುವು ಈ ವರ್ಷ ರಿಪೇರಿ ಅಂತಲ್ಲ? ಅಲ್ಲಿ ಗಾಡಿ ಸ್ವಲ್ಪ ತೊನೆಯುತ್ತದೆ ಮಾರ್ರೆ."

"ಜೂನ್ ಹತ್ತರೊಳಗೆ ಮುಗೀತದೆ. ಆಮೇಲೆ ನೀನು ಚಾ ಕುಡೀತಾ ಓಡಿಸ್ಬಹುದು."

"ನೀವು ಸರಿ ಉಂಟು ಅಂದ್ರೆ ನಾನು ಕಣ್ಣು ಮುಚ್ಚಿ ಓಡಿಸ್ತೇನೆ ಅಣ್ಣ," ಎಂದು ಅವನು ಇನ್ನೊಂದು ಬಂಗುಡೆ ಹಾಕಿಕೊಂಡ.

ನಾನು ತಟ್ಟೆಯನ್ನು ಬದಿಗೆ ಸರಿಸಿದೆ. ಹರಿಣಕ್ಕ ಯಾಕೆ ಉಣ್ಣುತ್ತಿಲ್ಲ ಎಂದು ಅವನೇ ಕೇಳಿದ. ಖಾರ ಎಂದೆ. ಸೇಸಪ್ಪ ನನ್ನನ್ನು ಒಮ್ಮೆ ನೋಡಿದರು. ನನಗೆ ಎಷ್ಟು ಖಾರವೂ ಹೆಚ್ಚಾಗುವುದಿಲ್ಲವೆಂದು ಅವರಿಗೆ ಗೊತ್ತಿಲ್ಲವೇ?

ನಮ್ಮ ಮನೆಗೆ ಒಂದು ಕಾನೂನಿದೆ. ಚಪ್ಪಲಿ ಬಿಡುವ ಜಾಗದಲ್ಲೇ ರೈಲನ್ನೂ ಬಿಡಬೇಕು, ಒಳಗೆ ತರಬಾರದು. ತೌಫೀಕ್ ಹೋದ ಮೇಲೆ ಆ ಕಾನೂನನ್ನು ನಾನೇ ಮುರಿದೆ.

"ಜೂನ್ ಹತ್ತು ಯಾಕೆ?"

ಅವರು ಪಾತ್ರೆ ತೊಳೆಯುತ್ತಿದ್ದರು. "ಎಂತ ಯಾಕೆ? ಹದಿನೈದರಿಂದ ಮಧ್ಯಾಹ್ನ ಹೊರಗೆ ಕೆಲಸ ಮಾಡ್ಲಿಕ್ಕಿಲ್ಲ, ಸರ್ಕಾರದ ರೂಲು. ಅದರ ಮೊದಲು ಮುಗಿಸ್ಬೇಕಲ್ಲ?"

"ಹಾಗಾದ್ರೆ ಹದಿನೈದು ಅಂತ ಬರೀಬೇಕಿತ್ತು. ಹತ್ತು ಯಾಕೆ?"

ನಲ್ಲಿ ನಿಂತಿತು. "ಐದು ದಿನ ಕೈಯಲ್ಲಿರಲಿ ಅಂತ," ಎಂದರು.

"ಸುಳ್ಳು. ಇಲ್ಲಿ ಮಳೆಗಾಲ ಇಲ್ಲ. ನೀವು ಮಳೆಗೆ ಹೆದರಿ ಬರ್ದದ್ದು. ನಾನೂ ಕಣ್ಣು ಮುಚ್ಚಿ ಒಪ್ಪಿದ್ದು. ಮೇ ಕೊನೆಗೆ ಆ ತಿರುವಿನ ಜಲ್ಲಿ ಕೆದಕಿದ್ರೆ ಜೂನಿನಲ್ಲಿ ಹಳಿ ನಿಲ್ತದಾ? ನೀವೇ ಹೇಳಿ."

"ಮೆಷಿನ್ ಉಂಟಲ್ಲ, ಒತ್ತಿ ಕೊಡ್ತದೆ."

"ಬೇರೆ ಯಾರಾದ್ರೂ ಹೀಗೆ ಬರ್ಕೊಂಡು ಬಂದಿದ್ರೆ ನೀವು ಅವನ ಮುಖಕ್ಕೆ ಎಸೀತಿದ್ರಿ."

ಅವರಿಗೆ ಸಿಟ್ಟು ಬಂತು. ಟವೆಲಿನಲ್ಲಿ ಕೈ ಒರೆಸಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ನನ್ನ ಫೋನು ಟಿಂಗ್ ಎಂದಿತು. ಮಲಗುವ ಕೋಣೆಯಿಂದ ಹಾಲಿಗೆ ಆಫೀಸ್ ಮೇಲ್. 'ಡಿಯರ್ ಮೇಡಂ, ಟ್ಯಾಂಪಿಂಗ್ ಮೆಷಿನ್ ಮಾರ್ಚಿನಿಂದ ಜೂನ್‌ವರೆಗೆ ಮಾತ್ರ ಸಿಗುತ್ತದೆ, ಅದು ಶಾಹ್ ತಲುಪುವುದು ಮೇ ಕೊನೆಗೇ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.' ನಾನು ಸೋಫಾದಲ್ಲಿ ಕೂತು ಬೆರಳು ಮುರಿಯುವಂತೆ ಕುಟ್ಟಿದೆ. 'ಡಿಯರ್ ಸರ್, ನವೆಂಬರಿನಲ್ಲಿ ಮೆಷಿನ್ ಮತ್ತೆ ತರಿಸಿ ಬ್ಲಾಕ್ ಕೇಳಿ, ಕೊಡುತ್ತೇನೆ. ಮೇ ತಿಂಗಳ ಬ್ಲಾಕ್ ಕೊಡುವುದಿಲ್ಲ.' ಕೋಣೆಯೊಳಗೆ ಏನೋ ಧಡಕ್ಕೆಂದಿತು. ತಲೆದಿಂಬು ಇರಲಾರದು.

ಸಭೆಯವರೆಗಿನ ದಿನಗಳು ಸುಖವಾಗಿರಲಿಲ್ಲ. ನಾನು ಸುಮ್ಮನಿದ್ದರೆ ನನ್ನ ಗಂಡ ಖಾಯಂ. ಬಾಯಿ ಬಿಟ್ಟರೆ ಹೆಂಡತಿಯೇ ಗಂಡನ ಕಾಲಿಗೆ ಅಡ್ಡ ಬಂದಂತೆ. ಮೆಷಿನ್ ಒತ್ತಿ ಕೊಡುತ್ತದೆ, ಏನೂ ಆಗಲಿಕ್ಕಿಲ್ಲ ಎಂದು ಒಂದೆರಡು ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಏನೂ ಆಗದೆಯೂ ಇರಬಹುದಿತ್ತು. ಆದರೆ ಹಾಗೆ ಅಂದುಕೊಂಡಾಗಲೆಲ್ಲ ಕಣ್ಣು ಮುಚ್ಚಿ ಓಡಿಸುತ್ತೇನೆ ಎಂದ ಆ ಹುಡುಗನ ಮುಖ ಎದುರು ಬರುತ್ತಿತ್ತು. ಇದರಲ್ಲಿ ತ್ಯಾಗ ಗೀಗ ಏನಿಲ್ಲ. ನನ್ನ ಕೆಲಸ ನನಗೆ ಗೊತ್ತು, ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇರಲು ನನಗೆ ಬರುವುದಿಲ್ಲ, ಅಷ್ಟೇ.

ಸಭೆ ಅಲ್ ರೀಮ್ ಐಲ್ಯಾಂಡಿನ ಒಂದು ಟವರಿನಲ್ಲಿ. ಮದೀನತ್ ಜಾಯೆದ್‌ನಿಂದ ಒಂದೇ ಕಾರಿನಲ್ಲಿ ಹೋದೆವು. ತರೀಫ್ ದಾಟುವಾಗ ಅವರು, "ಇವತ್ತು ಹೇಳ್ತೀಯಾ?" ಎಂದರು. "ಹೇಳ್ತೇನೆ," ಎಂದೆ. "ಸರಿ," ಎಂದು ಎ.ಸಿ. ಜೋರು ಮಾಡಿದರು. ಅವರು ಬೇಡ ಎನ್ನಲಿಲ್ಲ ಎಂಬುದು ನನಗೆ ಆಮೇಲೆ ಹೊಳೆದದ್ದು.

ನಮ್ಮ ಸರದಿ ಬಂದಾಗ ಸೇಸಪ್ಪ ಎದ್ದು ನಿಂತು ಚೆನ್ನಾಗಿಯೇ ಹೇಳಿದರು. ಮರಳು ತಡೆಯುವ ಬೇಲಿ, ಒಂಟೆಗಳು ದಾಟುವ ಕೆಳದಾರಿ, ಮೆಷಿನ್, ಜನ, ಎಲ್ಲ. ಮುಗಿದ ಮೇಲೆ ಆನ್ಸೆಲ್ಮ್ ಸರ್ ನನ್ನ ಕಡೆ ತಿರುಗಿ, "ಹರಿಣಾಕ್ಷಿ, ಒಪ್ಪಿಗೆ ಅಲ್ವಾ?" ಎಂದರು. ಕೇಳುವಾಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು.

"ಇಲ್ಲ ಸರ್. ಶಾಹ್ ತಿರುವಿಗೆ ಮೇ ತಿಂಗಳಲ್ಲಿ ಬ್ಲಾಕ್ ಕೊಡುವುದಿಲ್ಲ."

ಅವರು ಪೆನ್ನಿನ ಮುಚ್ಚಳ ಮತ್ತೆ ಹಾಕಿದರು. ನಾನು ಕಾರಣ ಹೇಳಿದೆ. ಜಲ್ಲಿ, ಬಿಸಿಲು, ನವೆಂಬರ್. ಅಲ್ಲಿಯವರೆಗೆ ಆ ತಿರುವಿನಲ್ಲಿ ಬಿಸಿಲಿನ ಹೊತ್ತು ರೈಲುಗಳು ನಿಧಾನ ಹೋಗಲಿ, ಊರಿನಲ್ಲಿ ಮಳೆಗಾಲಕ್ಕೆ ಮಾಡುವಂತೆ ಇಲ್ಲಿ ಬೇಸಿಗೆಗೆ ಬೇರೆ ಟೈಮ್‌ಟೇಬಲ್ ಇರಲಿ ಎಂದೆ. ನಮ್ಮ ಪದ್ಧತಿ ತಪ್ಪಲ್ಲ, ತಂದು ಇಟ್ಟ ತಿಂಗಳು ತಪ್ಪು. ಗಂಧಕ ರುವೈಸ್ ತಲುಪುವುದು ಸ್ವಲ್ಪ ತಡವಾಗುತ್ತದೆ, ಆದರೆ ತಲುಪುತ್ತದೆ, ಅದಕ್ಕೆ ನಾನು ಜವಾಬ್ದಾರಿ ಎಂದೆ. ಲೆಕ್ಕವೆಲ್ಲ ಮಾಡಿ ತಂದಿದ್ದೆ, ನಿಖಿತಾ ಅದನ್ನು ಪರದೆಯ ಮೇಲೆ ತೋರಿಸಿದಳು.

ಆನ್ಸೆಲ್ಮ್ ಸರ್ ಕನ್ನಡಕ ಏರಿಸಿ ಸೇಸಪ್ಪನವರನ್ನು ನೋಡಿದರು. "ಅಲ್ಲ ಸೇಸಪ್ಪ, ಜೂನ್ ಹತ್ತು ಅಂತ ಯಾಕೆ ಹಾಕಿದ್ದು?"

ಸೇಸಪ್ಪ ಮಧ್ಯಾಹ್ನದ ರೂಲಿನ ಹೆಸರನ್ನು ಎತ್ತಲಿಲ್ಲ.

ಆನ್ಸೆಲ್ಮ್ ಸರ್‌ಗೆ ತಟ್ಟನೆ ಹೊಳೆಯಿತು. "ಅಯ್ಯೋ ದೇವರೇ, ಮಾನ್ಸೂನ್!" ಎಂದು ಮೇಜು ಬಡಿದು ನಕ್ಕರು. "ನಾನೂ ವೆರಿ ಗುಡ್ ಅಂದಿದ್ದೆನಲ್ಲ!" ಪಕ್ಕದವರಿಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಅವರು ಆಚೆಯವರಿಗೆ ವಿವರಿಸಿದರು. ನಗು ಮೇಜಿನ ಸುತ್ತ ಹೋಯಿತು. ಮುಂದಿನ ವರ್ಷ ಎಲ್ಲರಿಗೂ ಕೊಡೆ ತರಿಸಬೇಕು ಎಂದ ಒಬ್ಬ. ಇನ್ನೊಬ್ಬ ದೋಣಿ ಎಂದ.

ಅವರದು ಕೆಟ್ಟ ನಗುವಲ್ಲ. ಜನವರಿಯಲ್ಲಿ ನಾನೂ ಒಬ್ಬಳೇ ಕೂತು ನಕ್ಕಿದ್ದೆ. ಆದರೆ ನನ್ನ ಗಂಡ ಎದ್ದು ನಿಂತವರು ನಿಂತೇ ಇದ್ದರು, ಕೂರಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ. ಅವರು ಸಿಟ್ಟು ಮಾಡುತ್ತಾರೆ, ನನ್ನ ಜೊತೆ ವಾದಕ್ಕಿಳಿಯುತ್ತಾರೆ ಎಂದು ತಯಾರಾಗಿ ಹೋಗಿದ್ದೆ. ಹತ್ತು ಜನರ ನಡುವೆ ಅವರು ಹಾಗೆ ನಿಲ್ಲುವುದನ್ನು ನೋಡಲು ತಯಾರಾಗಿರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು.

"ನಗಾಡುವುದು ಸಾಕು!" ಎಂದೆ. ಕನ್ನಡದಲ್ಲೇ ಎಂದೆ. ಸ್ವರ ಎಷ್ಟು ಜೋರಾಗಿತ್ತೆಂದರೆ ಅರ್ಥವಾಗದವರೂ ನಿಲ್ಲಿಸಿದರು. ಆಮೇಲೆ ಎಲ್ಲರಿಗೂ ತಿಳಿಯುವಂತೆ ಇಂಗ್ಲಿಷಿನಲ್ಲಿ ಹೇಳಿದೆ. ಊರಿನಲ್ಲಿ ಒಂದು ವರ್ಷ ಮಳೆ ಒಂದು ದಿನ ಮುಂಚೆ ಬಂತು. ಗುಡ್ಡ ಕಡಿದ ಒಂದು ಜಾಗದಲ್ಲಿ ಇವರ ಸ್ವಲ್ಪ ಕೆಲಸ ಮರುದಿನಕ್ಕೆ ಉಳಿದಿತ್ತು. ಯಾರ ತಪ್ಪೂ ಅಲ್ಲ. ಆ ಸಂಜೆ ಅಲ್ಲಿ ಗುಡ್ಡ ಇಳಿಯಿತು. ಗಸ್ತಿನವನು ಓಡಿ ಹೋಗಿ ಕೆಂಪು ದೀಪ ತೋರಿಸಿದ್ದರಿಂದ ಜನ ತುಂಬಿದ ರೈಲು ಮಣ್ಣಿನ ರಾಶಿಯ ಇತ್ತ ನಿಂತಿತು. ಸೇಸಪ್ಪ ಅಲ್ಲಿಗೆ ಹೋದಾಗ ಮಕ್ಕಳು ಕಿಟಕಿಯಿಂದ ಕೈ ಬೀಸುತ್ತಿದ್ದವಂತೆ. ಅಷ್ಟೇ, ಯಾರಿಗೂ ಏನೂ ಆಗಲಿಲ್ಲ. ಆದರೆ ಈ ಮನುಷ್ಯ ಅಂದಿನಿಂದ ಯಾವ ವರ್ಷವೂ ಒಂದು ಕೆಲಸವನ್ನೂ ಜೂನ್ ಹತ್ತರ ಆಚೆಗೆ ಬಿಟ್ಟವರಲ್ಲ. "ತಿಂಗಳು ತಪ್ಪಿದೆ, ಒಪ್ಪಿದೆ," ಎಂದೆ. "ಅವರ ಹೆದರಿಕೆ ತಪ್ಪಲ್ಲ. ನಿಮಗೆ ಅಷ್ಟು ಹೆದರಿಕೆ ಇದ್ದಿದ್ದರೆ ನಿಮ್ಮಲ್ಲಿ ಒಬ್ಬರಾದರೂ ಈ ಪ್ಲಾನನ್ನು ಸರಿಯಾಗಿ ಓದುತ್ತಿದ್ದರು. ಓದಿದ್ದು ಈ ಹುಡುಗಿ ಒಬ್ಬಳೇ."

ನಿಖಿತಾ ಮೇಜಿನ ಕೆಳಗೆ ಹೋಗುವುದೊಂದು ಬಾಕಿ.

"ಯಾವು, ಹರಿಣಾ," ಎಂದರು ಸೇಸಪ್ಪ. ಸಾಕು ಎಂದು, ನಮ್ಮ ತುಳುವಿನಲ್ಲಿ, ಮೆಲ್ಲಗೆ. ಆಮೇಲೆ ಆನ್ಸೆಲ್ಮ್ ಸರ್ ಕಡೆ ತಿರುಗಿ, "ಅವಳು ಹೇಳಿದ್ದು ಸರಿ ಸರ್. ಶಾಹ್ ತಿರುವಿನ ಕೆಲಸ ನಾನು ವಾಪಸ್ ತಗೊಳ್ತೇನೆ. ನವೆಂಬರಿಗೆ ಹಾಕುವ," ಎಂದು ಕೂತರು.

ಪ್ಲಾನ್ ಹಾಗೆ ಬದಲಾಗಿ ಪಾಸಾಯಿತು. ಹುದ್ದೆಯ ವಿಷಯ ಆನ್ಸೆಲ್ಮ್ ಸರ್ ಎತ್ತಲಿಲ್ಲ, ವರ್ಷದ ಕೊನೆಗೆ ನೋಡುವ ಎಂದು ಲಿಫ್ಟಿನ ಹತ್ತಿರ ಗೊಣಗಿದರು. ಬಾಲ ಅಲ್ಲೇ ಉಳಿಯಿತು. ನನಗೆ ಬೇಸರವಾಯಿತೇ ಎಂದರೆ ಆಯಿತು, ಬಹಳ ಆಯಿತು. ಮಾಡಿದ್ದು ಸರಿ ಎಂಬುದರಲ್ಲಿ ಮಾತ್ರ ಒಂದು ಕೂದಲಿನಷ್ಟೂ ಅನುಮಾನ ಬರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅವರೇ ಬಾಯಿ ಬಿಟ್ಟರು.

"ಬ್ಲಾಕ್ ಕೊಡದ್ದಕ್ಕೆ ನಂಗೆ ಸಿಟ್ಟಿಲ್ಲ. ನೀನು ಯಾವತ್ತು ಕೊಟ್ಟಿದ್ದಿ? ಆದರೆ ಆ ಗುಡ್ಡದ ಕತೆ ಅವರಿಗೆಲ್ಲ ಯಾಕೆ ಹೇಳಿದ್ದು?"

"ಅವರು ನಗಾಡಿದ್ರು."

"ನಗಾಡ್ಲಿ. ನಗಾಡಿ ಮರೀತಿದ್ರು. ಈಗ ನನ್ನನ್ನು ನೋಡಿ ಪಾಪ ಅಂತಾರೆ. ಹಳಿಯವನನ್ನು ಪಾಪ ಅಂದ್ರೆ ಅವನ ಹಳಿಯನ್ನು ಯಾರು ನಂಬ್ತಾರೆ?"

ನಾನು ಹಾಗೆ ಯೋಚಿಸಿಯೇ ಇರಲಿಲ್ಲ. ಅವರ ಪರವಾಗಿ ಬಾಯಿ ಮಾಡಿದೆ ಎಂದು ಒಳಗೊಳಗೆ ಹೆಮ್ಮೆಪಡುತ್ತಿದ್ದೆ. ಸೀರೆಯ ಸೆರಗು ಸರಿಮಾಡಿಕೊಂಡು ಹೊರಗೆ ನೋಡುತ್ತ ಕೂತೆ. ಬ್ಲಾಕ್ ಕೊಡದಿದ್ದುದಕ್ಕಿಂತ ಹೆಚ್ಚಿನ ಪೆಟ್ಟು ಅವರಿಗೆ ಈ ಮಾತಿನಿಂದ ಬಿದ್ದಿತ್ತು, ಕೊಟ್ಟವಳು ನಾನು.

ಆಮೇಲೆ ಮನೆಯ ಕಾನೂನು ಬಹಳ ಚೆನ್ನಾಗಿ ನಡೆಯಿತು. ಇಬ್ಬರೂ ರೈಲಿನ ಬಗ್ಗೆ ಒಂದಕ್ಷರ ಆಡಲಿಲ್ಲ. ಬೇರೆಯದನ್ನೂ ಅಷ್ಟಾಗಿ ಆಡಲಿಲ್ಲ. ಅವರು ಮಾರ್ಚಿನಿಂದ ಮೆಷಿನ್ ಹಿಡಿದು ಉಳಿದ ಕಡೆಯ ಕೆಲಸ ಮಾಡಿದರು, ಎಲ್ಲವನ್ನೂ ಬಿಸಿಲು ಏರುವ ಮೊದಲೇ ಮುಗಿಸಿದರು. ಶಾಹ್ ತಿರುವಿನಲ್ಲಿ ಕೈಯಿಂದ ಮರಳು ತೆಗೆಸಿದರು, ಜಲ್ಲಿಯನ್ನು ಕೆದಕಲಿಲ್ಲ. ಮೇ ತಿಂಗಳಿನಿಂದ ನನ್ನ ಬೇಸಿಗೆ ಟೈಮ್‌ಟೇಬಲ್ ಶುರುವಾಯಿತು. ಮಧ್ಯಾಹ್ನದ ರೈಲುಗಳು ಆ ತಿರುವಿನಲ್ಲಿ ಬಸುರಿ ಹೆಂಗಸಿನಂತೆ ನಡೆದವು. ಗಂಧಕ ತಡವಾಗಿ, ಆದರೆ ತಪ್ಪದೆ ಬಂದರು ಸೇರಿತು. ಒಂದು ದಿನವೂ ನಿಲ್ಲಲಿಲ್ಲ. ಆ ವರ್ಷ ನಾನು ಓಡಿಸಿದಷ್ಟು ಅಚ್ಚುಕಟ್ಟಾಗಿ ಯಾರೂ ರೈಲು ಓಡಿಸಿರಲಿಕ್ಕಿಲ್ಲ, ಹೇಳಲು ನನಗೇನೂ ನಾಚಿಕೆಯಿಲ್ಲ.

ಜೂನ್ ಹತ್ತು ಶನಿವಾರ ಬಂತು, ರಂಜಾನಿನ ನಡುವೆ. ಆಫೀಸಿಗೆ ರಜೆ, ಕಂಟ್ರೋಲ್ ರೂಮಿಗೆ ರಜೆ ಎಂಬುದಿಲ್ಲ. ಜನ ಕಡಿಮೆ ಇದ್ದರೆಂದು ನಾನೇ ಪಾಳಿಗೆ ಕೂತಿದ್ದೆ. ಬೆಳಿಗ್ಗೆ ಎದ್ದಾಗ ಸೇಸಪ್ಪ ಮನೆಯಲ್ಲಿರಲಿಲ್ಲ, ಬೂಟೂ ಇರಲಿಲ್ಲ.

ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದ ಹೊತ್ತಿಗೆ ಅವರ ಸ್ವರ ರೇಡಿಯೋದಲ್ಲಿ ಕೇಳಿತು.

"ಕಂಟ್ರೋಲ್, ಇದು ಸೇಸಪ್ಪ. ಶಾಹ್ ತಿರುವಿನಲ್ಲಿದ್ದೇನೆ. ನಡೆದು ನೋಡ್ಲಿಕ್ಕೆ ಒಂದು ಗಂಟೆ ಬ್ಲಾಕ್ ಬೇಕು."

ಅವರು ಹೇಳದಿದ್ದರೂ ನನಗೆ ತಿಳಿಯಿತು. ಹಳಿ ಡೊಂಕಾಗುವುದಾದರೆ ಅದು ಈ ಹೊತ್ತಿನಲ್ಲೇ. ಶಾಹ್‌ನಲ್ಲಿ ತೌಫೀಕನ ರೈಲು ತುಂಬಿ ನಿಂತಿತ್ತು, ಹೊರಡಲು ನನ್ನ ಒಪ್ಪಿಗೆ ಕಾಯುತ್ತಿತ್ತು. ನಾನು ಅವನಿಗೆ ಅಲ್ಲೇ ಇರಲು ಹೇಳಿದೆ. ನೋಂಬು ಹಿಡಿದ ಹುಡುಗ, ಬಾಯಾರಿದ ಸ್ವರದಲ್ಲಿ ಆಗಲಿ ಹರಿಣಕ್ಕ ಎಂದ.

"ಬ್ಲಾಕ್ ಕೊಟ್ಟಿದೆ," ಎಂದೆ. "ನೋಡಿ ಮುಗಿಯುವವರೆಗೆ ಇಟ್ಟುಕೊಳ್ಳಿ."

ಆಚೆಯಿಂದ ಬೂಟಿನಡಿ ಜಲ್ಲಿಯ ಸದ್ದು, ಮತ್ತೆ ಅದೂ ಇಲ್ಲ. ಕಂಟ್ರೋಲ್ ರೂಮಿನ ದೊಡ್ಡ ಪರದೆಯಲ್ಲಿ ಆ ತಿರುವು ಒಂದು ಕೆಂಪು ಗೆರೆ, ಅಷ್ಟೇ. ಆ ಗೆರೆಯ ಮೇಲೆ ಎಲ್ಲೋ ನನ್ನ ಗಂಡ ಒಬ್ಬರೇ, ತಲೆಗೆ ಬಟ್ಟೆ ಸುತ್ತಿಕೊಂಡು, ಬಗ್ಗಿ ಬಗ್ಗಿ ನೋಡುತ್ತ ನಡೆಯುತ್ತಿದ್ದಾರೆ. ನೀರು ತೆಗೆದುಕೊಂಡಿದ್ದಾರೋ ಇಲ್ಲವೋ. ಕೇಳಿದರೆ ಸಿಟ್ಟು ಬಂದೀತೆಂದು ಕೇಳಲಿಲ್ಲ. ಆಮೇಲೆ ತಡೆಯಲಾಗದೆ ರೇಡಿಯೋ ಒತ್ತಿದೆ.

"ಎಂತ ಕಾಣ್ತದೆ ಅಲ್ಲಿ?"

"ಹಳಿ ಕಾಣ್ತದೆ."

"ಹೇಗುಂಟು?"

"ನೆಟ್ಟಗೆ ಉಂಟು." ಏದುಸಿರು ಕೇಳುತ್ತಿತ್ತು. "ಒಂದು ನೂಲಿನಷ್ಟೂ ಜರುಗಲಿಲ್ಲ. ಕೆದಕಿದ್ರೆ ಇವತ್ತು ನಿಲ್ತಿರಲಿಲ್ಲ ಇದು."

ಕೋಣೆಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ರೇಡಿಯೋದಲ್ಲಿ ಮನೆಯ ಮಾತು ಆಡುವಂತಿಲ್ಲ, ಎಲ್ಲವೂ ರೆಕಾರ್ಡ್ ಆಗುತ್ತದೆ. ಆಗಲಿ ಎಂದುಕೊಂಡೆ.

"ಅವತ್ತು ನಾನು ಆ ಕತೆ ಹೇಳಬಾರದಿತ್ತು," ಎಂದೆ.

ಗಾಳಿಯ ಸದ್ದಿನ ನಡುವೆ ಅವರ ಸ್ವರ ಬಂತು.

"ಹರಿಣಾ," ಎಂದರು. ಎರಡು ದೇಶಗಳ ರೈಲಿನಲ್ಲಿ ಅಷ್ಟು ವರ್ಷ ದುಡಿದ ಮನುಷ್ಯ, ಮಗುವಿನ ಹಾಗೆ ಕೇಳಿದರು. "ಇಲ್ಲಿ ಮಳೆ ಬರುವುದಿಲ್ಲ ಅಲ್ವಾ?"

ಎಲ್ಲರ ಎದುರು ಕಣ್ಣು ಒರೆಸಿಕೊಂಡೆ, ಯಾರು ನೋಡಿದರೆ ನನಗೇನು?

"ಬರುವುದಿಲ್ಲ," ಎಂದೆ. "ಬದಿಗೆ ಬಂದು ನಿಲ್ಲಿ, ತೌಫೀಕನನ್ನು ಬಿಡ್ತೇನೆ."